ಒಪ್ಪಿಗೆಯ ಅಂಕಿ

ಸಂಶೋಧನೆ ಎಂದರೆ ಏನೋ ತಪಸ್ಸಿನಂಥದ್ದು ಎಂದುಕೊಂಡು ಹೋದ ಸೊಸೆಗೆ ಮೊದಲ ವಾರದಲ್ಲೇ ಹೇಸಿಗೆ ಹುಟ್ಟಿತು. ಅವಳನ್ನು ಸೊಸೆ ಎಂದೇ ಕರೆಯೋಣ. ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೂ ಇತ್ತು, ಗಂಡನೂ ಇದ್ದ, ಅವಳದೇ ಹೆಸರೂ ಇತ್ತು, ಇಲ್ಲವೆಂದಲ್ಲ. ಆದರೆ ಈ ಕಥೆಯಲ್ಲಿ ಅವಳಿಗೆ ಒಳ್ಳೆಯದೂ ಕೆಟ್ಟದ್ದೂ ಬಂದದ್ದೆಲ್ಲ ಅತ್ತೆಯ ದೆಸೆಯಿಂದಲೇ.

ಅವಳು ಸಂಶೋಧನೆಗೆ ಸೇರಿದ ವಿಶ್ವವಿದ್ಯಾಲಯದ ವಿಭಾಗದಲ್ಲಿ ದೊಡ್ಡವರು ಎನ್ನಿಸಿಕೊಂಡವರು ಇಬ್ಬರು. ಒಬ್ಬರು ಅಂಕಿ ಮೇಷ್ಟ್ರು, ಎಣಿಸಲಾಗದ್ದು ಈ ಲೋಕದಲ್ಲಿ ಇಲ್ಲವೇ ಇಲ್ಲ ಎನ್ನುವ ಪೈಕಿ. ಇನ್ನೊಬ್ಬರು ಕಥೆ ಮೇಡಂ, ಎಣಿಸಿದ ಕೂಡಲೇ ಮನುಷ್ಯ ಸತ್ತೇಹೋದ ಎನ್ನುವ ಪೈಕಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಅದೇ ಸಂಸಾರ. ಇಬ್ಬರೂ ಒಂದೇ ಕೋಣೆಯಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂರುತ್ತಿದ್ದರು. ನಡುವಿನ ಮೇಜಿನ ಮೇಲೆ ಯಾರೂ ತೊಳೆಯದ ಲೋಟಗಳು, ಅವುಗಳ ತಳದಲ್ಲಿ ಒಣಗಿದ ಚಹಾ, ಚಹಾದಲ್ಲಿ ನೊಣ. ಸಂಸ್ಥೆಗಳು ಹೇಗೆ ನಡೆಯಬೇಕು ಎಂದು ಜಗತ್ತಿಗೆ ಹೇಳಿಕೊಡುವವರಿಗೆ ತಮ್ಮ ಲೋಟ ಯಾರು ತೊಳೆಯಬೇಕು ಎಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ.

ಸೊಸೆಗೆ ಗೈಡಾಗಿ ಸಿಕ್ಕವರು ಅಂಕಿ ಮೇಷ್ಟ್ರು. ಮನುಷ್ಯ ಕೆಟ್ಟವರೇನಲ್ಲ, ಆದರೆ ಎದುರಿಗೆ ಕೂರಲಾಗುತ್ತಿರಲಿಲ್ಲ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಚೀಪಿ, ಅದೇ ಬೆರಳನ್ನು ನಾಲಿಗೆಗೆ ಒತ್ತಿಕೊಂಡು ಅವಳ ಹಾಳೆಗಳನ್ನು ತಿರುವುತ್ತಿದ್ದರು. ಹಾಳೆಯ ಮೂಲೆ ಮೂಲೆಯಲ್ಲೂ ಎಂಜಲಿನ ಗುರುತು. ಮನೆಗೆ ಹೋಗಿ ಅವಳು ಆ ಹಾಳೆಗಳನ್ನು ಚಿಮಟಿಗೆಯಲ್ಲಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ಓದುತ್ತಿದ್ದಳು.

"ನೋಡಮ್ಮ," ಎನ್ನುತ್ತಿದ್ದರು ಮೇಷ್ಟ್ರು, "ಸಂಸ್ಥೆ ಅಂದ್ರೆ ಜನ ಅಲ್ಲ. ಜನ ಇವತ್ತಿರ್ತಾರೆ, ನಾಳೆ ಹೋಗ್ತಾರೆ. ಸಂಸ್ಥೆ ಅಂದ್ರೆ ಅಳತೆ. ಅಳೆಯೋಕೆ ಒಂದು ಜಾಗ ಹುಡ್ಕು ಮೊದ್ಲು."

ಜಾಗ ಹುಡುಕುವುದು ಅಷ್ಟು ಸುಲಭವೇ? ಕೆಲಸದ ಜಾಗದಲ್ಲಿ ಮೇಲಿನವರು ಕೆಳಗಿನವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ಅವಳ ವಿಷಯ. ವಿಷಯ ಕೇಳಿದ ಕೂಡಲೇ ಎಲ್ಲ ಕಾರ್ಖಾನೆಗಳ ಗೇಟಿನಲ್ಲೂ ಸಾಹೇಬರು ಊರಲ್ಲಿಲ್ಲ. ಕೊನೆಗೆ ಅತ್ತೆಯೇ ಒಂದು ಬೆಳಿಗ್ಗೆ, "ಯಾಕೆ ಬೀದಿ ಬೀದಿ ಅಲೀತೀಯ? ನಮ್ಮಲ್ಲೇ ಮಾಡೇ," ಎಂದರು.

ಅತ್ತೆ ಕೆಲಸ ಮಾಡುತ್ತಿದ್ದುದು ಆಸ್ಪತ್ರೆಗಳ ಬಟ್ಟೆ ಒಗೆದುಕೊಡುವ ಕಾರ್ಖಾನೆಯಲ್ಲಿ, ಮಡಿಸುವ ವಿಭಾಗದ ಸೂಪರ್‌ವೈಸರ್ ಆಗಿ. ಗಂಡ ತೀರಿಕೊಂಡ ಮೇಲೆ ಮಡಿಸುವ ಮೇಜಿನಲ್ಲಿ ನಿಂತು, ಮೇಲೇರಿ, ಒಬ್ಬನೇ ಮಗನನ್ನು ಓದಿಸಿದ ಹೆಂಗಸು. ಸೊಸೆಯನ್ನು ಕಂಡರೆ ಪ್ರಾಣ. ಅವಳು ಪುಸ್ತಕ ಹಿಡಿದರೆ ಒಂದು ಪಾತ್ರೆ ಮುಟ್ಟಲು ಬಿಡುತ್ತಿರಲಿಲ್ಲ. "ನೀನು ಓದು ಕಣೇ, ನನಗಂತೂ ಆಗ್ಲಿಲ್ಲ," ಎಂದು ತಟ್ಟೆಯನ್ನು ಕೈಗೇ ತಂದುಕೊಡುತ್ತಿದ್ದರು. ಇಂಥ ಅತ್ತೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಅಕ್ಕಪಕ್ಕದವರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಅವಳಿಗೂ ಹಾಗೇ ಅನ್ನಿಸಿತ್ತು.

ಕಾರ್ಖಾನೆಯ ಮಾಲೀಕರು ಒಂದೇ ಷರತ್ತಿನ ಮೇಲೆ ಒಪ್ಪಿದರು. "ಮಾಡಮ್ಮ, ನನಗೇನು ಅಭ್ಯಂತರ ಇಲ್ಲ. ಊರಾಚೆ ಇನ್ನೊಂದು ಘಟಕ ಶುರು ಮಾಡ್ತಿದೀನಿ. ಅದನ್ನ ನಿಮ್ಮತ್ತೆಗೇ ವಹಿಸೋಣ ಅಂತಿದೀನಿ. ಜನ ಅವರ ಬಗ್ಗೆ ಏನಂತಾರೆ ಅನ್ನೋದು ನಿನ್ನ ವರದಿಯಲ್ಲಿ ಬರಲಿ. ಓದ್ಕೊಂಡವರು ಹೇಳಿದ್ರೆ ನಂಗೂ ಧೈರ್ಯ." ಪಕ್ಕದಲ್ಲಿ ನಿಂತಿದ್ದ ಅತ್ತೆ ಸೆರಗು ಸರಿಮಾಡಿಕೊಂಡರು.

ಒಳಗೆ ಕಾಲಿಟ್ಟ ಮೊದಲ ದಿನ ಸೊಸೆಗೆ ಉಸಿರೇ ಕಟ್ಟಿತು. ಒಂದು ಕಡೆ ಆಸ್ಪತ್ರೆಗಳಿಂದ ಬಂದ ಚಾದರಗಳ ರಾಶಿ: ರಕ್ತ, ಕೀವು, ವಾಂತಿ, ಮಲ, ಮೂತ್ರ, ಎಲ್ಲ ಒಟ್ಟಿಗೆ ಸುರುಳಿ ಸುತ್ತಿಕೊಂಡು ಬಿಸಿಗೆ ಹುಳಿ ಬಂದಿರುತ್ತಿತ್ತು. ಅದರ ಮೇಲೆ ಬ್ಲೀಚಿಂಗ್ ಪುಡಿಯ ಘಾಟು. ಗಂಡಸರು ಅದನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋಗಿ ಯಂತ್ರಕ್ಕೆ ಸುರಿಯುತ್ತಿದ್ದರು. ಇನ್ನೊಂದು ಕಡೆ, ಅದೇ ಚಾದರಗಳು ಬೆಳ್ಳಗೆ, ಬಿಸಿಬಿಸಿಯಾಗಿ ಬಂದು ಮೇಜಿಗೆ ಬೀಳುತ್ತಿದ್ದವು. ಅಲ್ಲಿ ಸಾಲಾಗಿ ನಿಂತ ಹೆಂಗಸರು ತಲೆ ಎತ್ತದೆ ಮಡಿಸುತ್ತಿದ್ದರು. ಅತ್ತೆ ಬರುವ ಸದ್ದಾದರೆ ಆ ಕೈಗಳು ಇನ್ನೂ ಬೇಗ ಆಡುತ್ತಿದ್ದವು. ಅದನ್ನು ನೋಡಿ ಸೊಸೆ ತನ್ನ ಪುಸ್ತಕದಲ್ಲಿ 'ಗೌರವ' ಎಂದು ಬರೆದುಕೊಂಡಳು. ಎಂಥ ಪೆದ್ದಿ!

ಮೇಷ್ಟ್ರು ಹೇಳಿಕೊಟ್ಟಂತೆ ಮೊದಲು ಪ್ರಶ್ನಾವಳಿ ತಯಾರಾಯಿತು. 'ನನ್ನ ಮೇಲಿನವರು ನನ್ನನ್ನು ಗೌರವದಿಂದ ನಡೆಸಿಕೊಳ್ಳುತ್ತಾರೆ', ಒಂದರಿಂದ ಐದರವರೆಗೆ ಗುರುತು ಹಾಕಿ. ಒಂದೆಂದರೆ ಖಂಡಿತ ಇಲ್ಲ, ಐದೆಂದರೆ ಖಂಡಿತ ಹೌದು. "ನೀನ್ಯಾಕೆ ಒಬ್ಬೊಬ್ಬರ ಹತ್ರ ನಿಂತು ಕಾಲು ನೋಯಿಸ್ಕೊಳ್ತೀಯ, ಕೊಡಿಲ್ಲಿ," ಎಂದು ಅತ್ತೆಯೇ ಹಾಳೆಗಳನ್ನು ಇಸಿದುಕೊಂಡು ಹೋಗಿ, ಅತ್ತೆಯೇ ತುಂಬಿಸಿ ತಂದುಕೊಟ್ಟರು. ಎಲ್ಲರದೂ ಐದು. ಮೇಲಿಂದ ಕೆಳಗಿನವರೆಗೆ, ಎಲ್ಲ ಪ್ರಶ್ನೆಗೂ, ಎಲ್ಲರದೂ ಐದೇ ಐದು.

ಮೇಷ್ಟ್ರು ಹಾಳೆಗಳನ್ನು ಎಂಜಲು ಮಾಡಿ ಮಾಡಿ ತಿರುವಿ ಮುಖ ಸಿಂಡರಿಸಿದರು. "ಏನಮ್ಮಾ ಇದು, ಸ್ವರ್ಗಕ್ಕೆ ಹೋಗಿ ಸರ್ವೆ ಮಾಡಿದ್ಯಾ? ಏರಿಳಿತ ಬೇಕಮ್ಮ, ಏರಿಳಿತ! ಎಲ್ಲ ಐದು ಅಂದ್ರೆ ಲೆಕ್ಕ ಹಾಕೋದೇನನ್ನ, ನನ್ನ ತಲೆನಾ?" ಜನ ಹೆದರಿರಬಹುದೇ ಎಂಬ ಮಾತು ಅವರ ಬಾಯಿಂದ ಬರಲೇ ಇಲ್ಲ. ಅವರ ಸಂಕಟವೆಲ್ಲ ಲೆಕ್ಕ ಕೂರುವುದಿಲ್ಲವಲ್ಲ ಎಂಬುದೇ. ಸಂದರ್ಶನವನ್ನೂ ಸೇರಿಸಿ ಮಿಶ್ರ ವಿಧಾನ ಅಂತ ಹೆಸರಿಟ್ಟು ಬಚಾವಾಗು ಎಂದು ಬೆನ್ನಿಗೆ ಬೆನ್ನು ಕೊಟ್ಟು ಕೂತ ಕಥೆ ಮೇಡಂ ಕಡೆ ಕೈ ತೋರಿಸಿದರು.

ಕಥೆ ಮೇಡಂ ಸಂತೋಷದಿಂದ ಕುರ್ಚಿ ತಿರುಗಿಸಿಕೊಂಡರು. "ಸಂದರ್ಶನ ಅಂದ್ರೆ ಬಾಯಿ ಮುಚ್ಕೊಂಡಿರೋ ವಿದ್ಯೆ. ಅವರು ಸುಮ್ಮನಾದ್ರೆ ನೀನೂ ಸುಮ್ಮನಿರು. ತಡೆಯೋಕಾಗದೆ ಅವರೇ ಹೇಳ್ತಾರೆ. ಅಳು ಬಂತು ಅನ್ನು, ಇನ್ನೂ ಒಳ್ಳೇದು. ಅದು ದಟ್ಟವಾದ ಮಾಹಿತಿ." ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. ಹಸಿದವರ ಎದುರಿಗೆ ಎಲೆ ಹಾಕಿದಾಗ ಹೊಳೆಯುವ ಹಾಗೆ. ಥೂ, ಇವರಿಗಿಂತ ಆ ಎಂಜಲಿನ ಮೇಷ್ಟ್ರೇ ವಾಸಿ ಎನ್ನಿಸಿತು ಅವಳಿಗೆ.

ಆದರೂ ವಿದ್ಯೆ ವಿದ್ಯೆಯೇ. ಸೊಸೆ ಕೇಳುತ್ತಾ ಹೋದಳು. ಯಾಕೆ, ಯಾಕೆ ಎಂದು ಅವಳು ಕೇಳಿದ್ದು ಕೇಳಿ ಹೆಂಗಸರು ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟರು. ದಣಿವು, ಕಾಲುನೋವು ಎಂದು ನಗುತ್ತಿದ್ದರೇ ಹೊರತು ಮೇಲಿನವರ ವಿಷಯಕ್ಕೆ ಬಾಯಿ ಬಿಡುತ್ತಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. ಅಷ್ಟಕ್ಕೂ ಇವಳು ಯಾರು? ಸೂಪರ್‌ವೈಸರಮ್ಮನ ಸೊಸೆ. ಮಾತಾಡಿದವಳು ಒಬ್ಬಳೇ, ಎಲ್ಲರೂ ಗುಬ್ಬಕ್ಕ ಎಂದು ಕರೆಯುತ್ತಿದ್ದ ಪುಟ್ಟ ದೇಹದ ವಯಸ್ಸಾದ ಹೆಂಗಸು. ಅದೂ ಕಾರ್ಖಾನೆಯಲ್ಲಿ ಅಲ್ಲ. "ಮನೆಗೆ ಬಾ ಯಾಕಮ್ಮ, ಅಲ್ಲಿ ಕೇಳು," ಎಂದಳು.

ಒಂದೇ ಕೋಣೆಯ ಮನೆ. ಮಂಚದ ಮೇಲೆ ಇಬ್ಬರೂ ಕೂತರು. ಫೋನನ್ನು ನಡುವೆ ಇಟ್ಟಳು ಸೊಸೆ.

"ಅದು ಕೇಳಿಸ್ಕೊಳ್ತಿದೆಯಾ?"

"ಹೂಂ ಗುಬ್ಬಕ್ಕ. ಬೇಡ ಅಂದ್ರೆ ನಿಲ್ಲಿಸ್ತೀನಿ. ನಿಮ್ಮ ಹೆಸರು ಎಲ್ಲೂ ಬರಲ್ಲ."

"ಇರ್ಲಿ ಬಿಡು, ಕೇಳಿಸ್ಕೊಳ್ಳಲಿ." ಗುಬ್ಬಕ್ಕ ಗೋಡೆ ನೋಡಿಕೊಂಡು ಸುಮ್ಮನಾದಳು. ಸೊಸೆ ಕಲಿತ ವಿದ್ಯೆಯಂತೆ ತಾನೂ ಸುಮ್ಮನಾದಳು. ಆಮೇಲೆ ಅದು ಬಂತು. "ಪಾಯಿಖಾನೆ ಕೀಲಿ ನಿಮ್ಮತ್ತೆ ಸೊಂಟದಲ್ಲಿರತ್ತೆ, ಗೊತ್ತಾ? ಕೇಳಿ ಇಸ್ಕೋಬೇಕು. ಕೇಳಿದ್ರೆ, ಈಗ ತಾನೆ ಹೋಗಿ ಬಂದ್ಯಲ್ಲೇ ಅಂತಾರೆ. ನಂಗೆ ಸಕ್ಕರೆ ಕಾಯಿಲೆ ಕಣಮ್ಮ, ತಡೆಯೋಕಾಗಲ್ಲ. ಕೈ ಮುಗ್ದೆ. ಕೊಡ್ಲಿಲ್ಲ. ಮಡಿಸ್ತಾ ಮಡಿಸ್ತಾನೇ ಆಗೋಯ್ತು."

"ಆಮೇಲೆ?"

"ಬೈದ್ರೆ ಬೈಸ್ಕೊಳ್ತಿದ್ದೆ. ಹೊಡೆದಿದ್ರೂ ಸರಿ. ಬೈಲಿಲ್ಲ. ಆ ಕಡೆ ರಾಶಿಯಿಂದ, ಒಗೆದೇ ಇರೋದು, ಯಾವನೋ ರೋಗಿ ಒದ್ದೆ ಮಾಡಿದ್ದ ಚಾದರ ತಂದು ನಂಗೆ ಸುತ್ತಿದ್ರು. ಒದ್ದೆ ಅಂದ್ರೆ ಇಷ್ಟ ಅಲ್ವಾ ನಿಂಗೆ, ಇರು ಅಂದ್ರು. ಬಾಗಿಲಲ್ಲಿ ನಿಲ್ಲಿಸಿದ್ರು. ಗಾಡಿ ತಳ್ಳೋ ಗಂಡಸರೆಲ್ಲ ಅಲ್ಲೇ ಓಡಾಡೋದು. ಗಂಟೆ ಬಾರಿಸೋವರೆಗೂ ನಿಂತಿದ್ದೆ. ನಂಗೆ ಮದುವೆ ವಯಸ್ಸಿನ ಮೊಮ್ಮಗಳಿದಾಳೆ ಕಣಮ್ಮ." ಗುಬ್ಬಕ್ಕ ಅಳಲಿಲ್ಲ. ಮೂಗು ಒರೆಸಿಕೊಂಡು ಫೋನಿನ ಕಡೆ ಬಾಗಿ, ಅದಕ್ಕೇ ಹೇಳುವವಳಂತೆ ಹೇಳಿದಳು. "ಹೊಸ ಘಟಕಕ್ಕೆ ನಮ್ಮನ್ನೇ ಕರ್ಕೊಂಡು ಹೋಗ್ತಾರಂತೆ. ಊರಾಚೆ. ಅಲ್ಲಿ ಇವರ ಮೇಲೆ ಹೇಳೋರು ಕೇಳೋರು ಯಾರೂ ಇರಲ್ಲ. ನೀನು ಇದನ್ನ ಹಾಗೇ ಬರಿಯಮ್ಮ. ಸಕ್ಕರೆ ಹಾಕ್ಬೇಡ, ಉಪ್ಪೂ ಹಾಕ್ಬೇಡ. ಮಾಲೀಕರು ಓದಿದ್ರೆ ಆ ಜಾಗ ಅವರಿಗೆ ಕೊಡಲ್ಲ. ಅಷ್ಟಾದ್ರೆ ಸಾಕು ನಮಗೆ."

"ಬರೀತೀನಿ," ಎಂದು ಮಾತು ಕೊಟ್ಟಳು ಸೊಸೆ.

ಮನೆಗೆ ಬಂದವಳು ಸೀದಾ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಹಿಂದಿನಿಂದ ಬಂದು ಹಣೆ ಹಿಡಿದುಕೊಂಡವರು ಅತ್ತೆ. ಬೆನ್ನು ನೀವಿದರು, ಬಾಯಿ ಮುಕ್ಕಳಿಸಲು ನೀರು ಕೊಟ್ಟರು, ತಮ್ಮ ಸೆರಗಿನಲ್ಲೇ ಅವಳ ಮುಖ ಒರೆಸಿದರು. ಒರೆಸುತ್ತಾ ಕಣ್ಣರಳಿಸಿ, "ಏನೇ, ವಿಶೇಷಾನಾ?" ಎಂದು ಕೇಳಿದರು. ಸೊಸೆ ಅಲ್ಲವೆಂದು ತಲೆಯಾಡಿಸಿದಳು. ಅವರ ಸೊಂಟದಲ್ಲಿ ಕೀಲಿಗೊಂಚಲು ಇತ್ತು. ದಿನಾ ನೋಡುತ್ತಿದ್ದದ್ದೇ, ಯಾವ ಬಾಗಿಲಿನದೆಂದು ಕೇಳಿರಲಿಲ್ಲ ಅಷ್ಟೆ. ಅತ್ತೆಯ ಕೈ ಹಣೆಯ ಮೇಲೆ ತಣ್ಣಗೆ ಹಿತವಾಗಿತ್ತು, ಹಿತವಾಗಿದೆಯಲ್ಲ ಎಂಬುದಕ್ಕೇ ಅವಳಿಗೆ ಮತ್ತೆ ವಾಕರಿಕೆ ಬಂತು.

ಇನ್ನು ಅವಳು ಮಾಡಿದ ತಪ್ಪು. ಸಂಶೋಧನೆ ಕಲಿಯುವವರು ಮಾತ್ರ ಮಾಡಬಹುದಾದ ತಪ್ಪು ಅದು, ಬೇರೆಯವರಿಗೆ ಹೊಳೆಯುವುದೂ ಇಲ್ಲ.

ಜನ ಆಡಿದ ಮಾತನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ಒಂದೊಂದು ಹಣೆಪಟ್ಟಿ ಅಂಟಿಸಬೇಕು: ಇದು ದಣಿವು, ಇದು ಸಹಕಾರ, ಇದು ಶಿಸ್ತು, ಇದು ಅವಮಾನ. ಒಬ್ಬರೇ ಅಂಟಿಸಿದರೆ ನಂಬುವವರಿಲ್ಲ. ಅದೇ ಮಾತನ್ನು ಇನ್ನೊಬ್ಬರೂ ಬೇರೆ ಕೂತು ಓದಿ, ತಮಗೆ ತೋಚಿದ ಪಟ್ಟಿ ಅಂಟಿಸಬೇಕು. ಇಬ್ಬರೂ ಎಷ್ಟರ ಮಟ್ಟಿಗೆ ಒಪ್ಪಿದರು ಎಂಬುದಕ್ಕೆ ಒಂದು ಅಂಕಿ ಬರುತ್ತದೆ. ಅಂಕಿ ಕಡಿಮೆಯಾದರೆ ಸಂಶೋಧನೆ ಕಸದ ಬುಟ್ಟಿಗೆ. "ಎರಡನೇ ಓದುಗರು ಬೇಕೇ ಬೇಕು," ಎಂದರು ಮೇಷ್ಟ್ರು. "ಅಕ್ಷರ ಬಂದ್ರೆ ಸಾಕು. ಮನೇಲಿ ಯಾರಿಲ್ವಾ?"

ಮನೆಯಲ್ಲಿ ಗಂಡ ಇದ್ದ. ಅತ್ತೆಯ ಒಬ್ಬನೇ ಮಗ.

ಬೇರೆ ಯಾರೂ ಸಿಗುತ್ತಿರಲಿಲ್ಲ ಎಂದೇನಲ್ಲ. ಕಾಲೇಜಿನಲ್ಲಿ ಗೆಳತಿಯರಿದ್ದರು. ನಿಜ ಹೇಳಬೇಕೆಂದರೆ, ನಿಮ್ಮಮ್ಮ ಹೀಗೆ ಎಂದು ಗಂಡನಿಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ. ವಿಧಾನದ ಹೆಸರಿನಲ್ಲಿ ಹಾಳೆಯೇ ಹೇಳಿಬಿಡಲಿ, ತನ್ನ ಬಾಯಿ ಚೊಕ್ಕವಾಗಿರಲಿ ಎಂದುಕೊಂಡಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಹೆಸರುಗಳನ್ನು ತೆಗೆದಳು, ಅತ್ತೆ ಎಂದಿದ್ದಲ್ಲೆಲ್ಲ 'ಮೇಲಿನವರು' ಎಂದು ಹಾಕಿದಳು, ಹಾಳೆಗಳ ಕಟ್ಟನ್ನು ಗಂಡನ ಕೈಗಿತ್ತಳು.

ಭಾನುವಾರ ಮಧ್ಯಾಹ್ನ ಗಂಡ ಅದನ್ನು ವಾಪಸು ತಂದುಕೊಟ್ಟ. ಅವಳು ಅವಮಾನ ಎಂದು ಅಂಟಿಸಿದ್ದಲ್ಲೆಲ್ಲ ಅವನು ಶಿಸ್ತು ಎಂದು ಬರೆದಿದ್ದ. ಕೀಲಿ ಕೇಳುವುದು, ಶಿಸ್ತು. ಕೈ ಮುಗಿದದ್ದು, ಶಿಸ್ತು. ಒದ್ದೆ ಚಾದರದ ತುಂಡಿಗೂ ಶಿಸ್ತು. ಅಲ್ಲಿ ಮಾತ್ರ ಪೆನ್ನು ಹಾಳೆಯನ್ನು ಹರಿದುಕೊಂಡು ಹೋಗಿತ್ತು.

ಪಕ್ಕದ ಕೋಣೆಯಲ್ಲಿ ಅತ್ತೆ ಮಲಗಿದ್ದರು. ಜಗಳವೆಲ್ಲ ಪಿಸುಮಾತಿನಲ್ಲೇ ನಡೆಯಿತು.

"ರೀ, ಒಬ್ಬ ಮುದುಕಿಗೆ ರೋಗಿಯ ಉಚ್ಚೆ ಚಾದರ ಸುತ್ತಿ ನಿಲ್ಲಿಸಿದ್ದು ನಿಮಗೆ ಶಿಸ್ತಾ?"

"ನೀನು ನನ್ನ ಅಭಿಪ್ರಾಯ ಕೇಳ್ದೆ, ನಾನು ಬರ್ದೆ."

"ಯಾರ ಬಗ್ಗೆ ಅಂತ ಗೊತ್ತಾಯ್ತಾ?"

"ಗೊತ್ತಾಗದೇ ಏನು? ಮೊದಲನೇ ಸಾಲಿಗೇ ಗೊತ್ತಾಯ್ತು." ಅವನು ಬಾಗಿಲ ಕಡೆ ನೋಡಿದ. ಮುಖ ಕೆಂಪಗಾಗಿತ್ತು. "ನಂಗೂ ಮಾಡಿದ್ಲು, ಸಾಕಾ? ಸಣ್ಣವನಿದ್ದಾಗ ಹಾಸಿಗೆ ಒದ್ದೆ ಮಾಡ್ಕೊಂಡೆ. ಅದೇ ಚಾದರ ಸುತ್ತಿ ಹೊಸ್ತಿಲಾಚೆ ನಿಲ್ಲಿಸಿದ್ಲು. ಶಾಲೆಗೆ ಹೋಗೋ ಹುಡುಗ್ರೆಲ್ಲ ನೋಡ್ಕೊಂಡು ಹೋದ್ರು. ಒಂದೇ ಒಂದು ಸಲ. ಆಮೇಲೆ ನಾನು ಒದ್ದೆ ಮಾಡ್ಕೊಳ್ಳಲೇ ಇಲ್ಲ. ಕೆಟ್ಟೋದ್ನಾ ನಾನು? ಹೇಳು, ಕೆಟ್ಟೋದ್ನಾ?"

ಎದುರಿಗೆ ಕೂತಿದ್ದವನು ಮೀಸೆ ಬಂದ ಗಂಡಸು, ಗದ್ದ ಅದುರುತ್ತಿತ್ತು. ಅವನು ಅದನ್ನು ಅವಮಾನ ಎಂದು ಬರೆದನೆಂದರೆ ಅವನ ಪಾಲಿಗೆ ಅಮ್ಮನೇ ಉಳಿಯುವುದಿಲ್ಲ. ಶಿಸ್ತು ಎಂದರೆ ಎಲ್ಲ ಉಳಿಯುತ್ತದೆ.

"ಯಾರಿಗಾದ್ರೂ ಹೇಳಿದ್ರೆ ನೋಡು," ಎಂದ ಅವನು. "ಯಾರಿಗೂ ಹೇಳ್ಬೇಡ ಕಣೇ."

ಅಂಕಿ ಪಾತಾಳಕ್ಕಿಳಿದಿತ್ತು. ಮೇಷ್ಟ್ರು ಅದನ್ನು ನೋಡಿ ಗಾಬರಿಯಾಗಲಿಲ್ಲ, ನಕ್ಕರು. "ಗಂಡ ಹೆಂಡ್ತಿ ಯಾವ ಮನೇಲಮ್ಮ ಒಪ್ತಾರೆ? ಸುಲಭ ಇದು. ಶಿಸ್ತು ಬೇರೆ, ಅವಮಾನ ಬೇರೆ ಅಂತ ಯಾಕಿಟ್ಕೊಂಡಿದೀಯ? ಎರಡನ್ನೂ ಸೇರಿಸಿ 'ಮೇಲ್ವಿಚಾರಣಾ ಶೈಲಿ' ಅಂತ ಒಂದೇ ಮಾಡು. ಆಗ ನೀನು ಹೇಳಿದ್ದೂ ಅದೇ, ಅವರು ಹೇಳಿದ್ದೂ ಅದೇ. ಒಪ್ಪಿಗೆ ತಾನಾಗೇ ಬರತ್ತೆ."

"ಸರ್, ಎರಡೂ ಒಂದೇ ಅಲ್ಲ."

"ಒಂದೇ ಅಂತ ಯಾರಂದ್ರು? ಒಂದೇ ಬುಟ್ಟಿಲಿ ಹಾಕು ಅಂದೆ. ಈ ವರ್ಷ ಮುಗಿಸ್ಬೇಕೋ ಬೇಡ್ವೋ?" ಎಂದು ಬಿಸ್ಕತ್ತು ಅದ್ದಿದರು.

ಕಥೆ ಮೇಡಂ ಬೆನ್ನು ತಿರುಗಿಸಿಕೊಂಡೇ ಎಲ್ಲ ಕೇಳಿಸಿಕೊಂಡರು. ದಟ್ಟವಾದ ಮಾಹಿತಿ ಎಂದು ಕಣ್ಣರಳಿಸಿದ್ದವರು ಲೋಟ ಸರಿಸಿ ಇನ್ನೊಬ್ಬರ ಹಾಳೆ ತೆಗೆದುಕೊಂಡರು.

ಸೊಸೆ ಸೇರಿಸಿದಳು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದ್ದು, ಅಷ್ಟೇ ಕೆಲಸ. ಅಂಕಿ ಚಂಗನೆ ಮೇಲೆ ಹಾರಿತು. ಒದ್ದೆಯಲ್ಲಿ ನಿಂತ ಗುಬ್ಬಕ್ಕ ಎಲ್ಲಿ ಹೋದಳು? ಮೇಲ್ವಿಚಾರಣಾ ಶೈಲಿಯೊಳಗೆ ಹೋದಳು. ತಿಪ್ಪೆ ಸಾರಿಸುವುದು ಎನ್ನುತ್ತಾರಲ್ಲ, ಅದಕ್ಕೂ ಸೆಗಣಿ ಕಲಸಬೇಕು, ಬೆವರು ಹರಿಸಬೇಕು. ಇಲ್ಲಿ ಬೆರಳಿಗೂ ಕೊಳೆಯಾಗಲಿಲ್ಲ. ಅವತ್ತು ರಾತ್ರಿಯೂಟಕ್ಕೆ ಅತ್ತೆ ತಟ್ಟೆ ತಂದಿಟ್ಟರೆ ಅವಳಿಗೆ ಅನ್ನ ಇಳಿಯಲಿಲ್ಲ. ಅತ್ತೆಯ ಮೇಲಿನ ಅಸಹ್ಯವೋ, ಮೇಷ್ಟ್ರ ಮೇಲಿನದೋ ಎಂದು ನೋಡಿಕೊಂಡರೆ, ಅದರಲ್ಲಿ ದೊಡ್ಡ ಪಾಲು ಅವಳ ಮೇಲಿನದೇ ಇತ್ತು.

ವರದಿ ಒಪ್ಪಿಸುವ ಬೆಳಿಗ್ಗೆ ಮಾಲೀಕರ ಕೋಣೆಯಲ್ಲಿ ಎಲ್ಲ ಸೇರಿದರು. ಮೇಷ್ಟ್ರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದಿದ್ದರು. ಅತ್ತೆ ಮಾಲೀಕರ ಪಕ್ಕದ ಕುರ್ಚಿಯಲ್ಲಿ, ಹೆಮ್ಮೆಯಿಂದ ಸೊಸೆಯನ್ನೇ ನೋಡುತ್ತಾ ಕೂತಿದ್ದರು. ಮಡಿಸುವ ವಿಭಾಗದ ಹೆಂಗಸರನ್ನೂ ಮಾಲೀಕರು ಕರೆಸಿದ್ದರು. ಅವರು ಬಾಗಿಲ ಹತ್ತಿರ ಗುಂಪಾಗಿ ನಿಂತಿದ್ದರು. ಎಲ್ಲರಿಗಿಂತ ಹಿಂದೆ, ಚೌಕಟ್ಟು ಹಿಡಿದುಕೊಂಡು, ಗುಬ್ಬಕ್ಕ.

ಪ್ರೊಜೆಕ್ಟರ್ ಹಾಕಿದ ಕೂಡಲೇ ಗೋಡೆಯ ಮೇಲೆ ಬಣ್ಣ ಬಣ್ಣದ ಕಂಬಗಳು ಮೂಡಿದವು, ಒಂದೊಂದು ಹಣೆಪಟ್ಟಿಗೂ ಒಂದೊಂದು ಕಂಬ. ಸೊಸೆ ಒಂದೊಂದಾಗಿ ಹೇಳುತ್ತಾ ಹೋದಳು. ಗುಬ್ಬಕ್ಕನ ಕಣ್ಣು ಕಂಬದಿಂದ ಕಂಬಕ್ಕೆ ಹೋಗಿ ಹೋಗಿ, ಏನೂ ಸಿಗದೆ, ಅವಳ ಮುಖಕ್ಕೇ ವಾಪಸು ಬರುತ್ತಿತ್ತು.

ಮಾಲೀಕರು ಆಕಳಿಸಿದರು. "ಆ ಎಲ್ಲಕ್ಕಿಂತ ಉದ್ದ ಇದೆಯಲ್ಲ, ಅದೇನಮ್ಮ?"

"ಮೇಲ್ವಿಚಾರಣಾ ಶೈಲಿ ಸರ್."

"ಅಂದ್ರೆ ನಿಮ್ಮತ್ತೆ ಕೆಲಸ ಮಾಡ್ಸೋ ರೀತಿ. ಸರಿ. ಅದು ಒಳ್ಳೇದೋ ಕೆಟ್ಟದ್ದೋ?"

ಅಯ್ಯೋ, ಎಷ್ಟು ಸಣ್ಣ ಪ್ರಶ್ನೆ! ಪ್ರಶ್ನಾವಳಿ ಮಾಡಿ, ಸಂದರ್ಶನ ಮಾಡಿ, ತುಂಡು ಮಾಡಿ, ಪಟ್ಟಿ ಅಂಟಿಸಿ, ಆ ಒಂದು ವಿಷಯವನ್ನೇ ಅವಳು ಅಳಿಸಿ ಹಾಕಿದ್ದಳು. ಮೇಷ್ಟ್ರು ಕಿವಿಯ ಹತ್ತಿರ ಬಾಗಿ, "ಹೆಚ್ಚಿನ ಅಧ್ಯಯನ ಬೇಕು ಅನ್ನು," ಎಂದು ಪಿಸುಗುಟ್ಟಿದರು. ಚಹಾದ ವಾಸನೆ ಅವಳ ಮುಖಕ್ಕೆ ಬಡಿಯಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟರೆ ಎಲ್ಲರಿಗೂ ಕ್ಷೇಮ. ಡಿಗ್ರಿ ಬರುತ್ತದೆ, ಅತ್ತೆಗೆ ಘಟಕ ಬರುತ್ತದೆ, ಮನೆಯಲ್ಲಿ ತಟ್ಟೆ ಕೈಗೇ ಬರುತ್ತದೆ. ಗುಬ್ಬಕ್ಕ ಊರಾಚೆ ಹೋಗುತ್ತಾಳೆ.

"ಕೆಟ್ಟದ್ದು," ಎಂದಳು ಸೊಸೆ.

ಮೇಷ್ಟ್ರು ಕೆಮ್ಮಿದರು. ಅತ್ತೆಯ ನಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

"ಒದ್ದೆ ಮಾಡ್ಕೊಂಡವರಿಗೆ ಒದ್ದೆ ಚಾದರ ಸುತ್ತಿ, ಹೋಗಿ ಬರೋರ ಎದುರಿಗೆ ಬಾಗಿಲಲ್ಲಿ ನಿಲ್ಲಿಸೋದು. ಅದೂ ಆ ಕಂಬದೊಳಗಿದೆ ಸರ್. ಅದಕ್ಕೆ ಅವಮಾನ ಅಂತ ಹೆಸರು ಬರ್ದಿದ್ದೆ. ಆಮೇಲೆ ನಾನೇ ಅಳಿಸ್ದೆ."

ಮಾಲೀಕರು ನೆಟ್ಟಗೆ ಕೂತರು. "ಏನಿದು? ನನ್ನ ಕಾರ್ಖಾನೇಲಾ? ನಿಜವಾದ್ರೆ ಹೊಸ ಘಟಕದ ಮಾತು ಇಲ್ಲಿಗೇ ಮುಗೀತು. ಆದ್ರೆ ಬಾಯಿಮಾತಿಗೆ ನಾನು ಯಾರ ಅನ್ನಾನೂ ಕಿತ್ಕೊಳ್ಳಲ್ಲ. ಹೇಳಿದವರು ಯಾರು? ಮುಂದೆ ಬರಲಿ."

ಅತ್ತೆ ಎದ್ದು ನಿಂತರು. ಸೊಸೆಯ ಕಡೆ ತಿರುಗಲಿಲ್ಲ, ಬಾಗಿಲ ಕಡೆ ತಿರುಗಿದರು. "ಹೌದು, ಬರಲಿ," ಎಂದರು ಮೆಲ್ಲಗೆ. "ಯಾರೇ ಹೇಳಿದ್ದು?"

ಹೆಂಗಸರ ತಲೆಗಳು ಒಂದೊಂದಾಗಿ ತಗ್ಗಿದವು. ಅತ್ತೆಯ ಕಣ್ಣು ಒಬ್ಬೊಬ್ಬರ ಮೇಲೂ ನಿಂತು ನಿಂತು ಹಿಂದಕ್ಕೆ ಸಾಗಿತು. ಗುಬ್ಬಕ್ಕನ ಕೈ ಚೌಕಟ್ಟು ಬಿಟ್ಟಿತು, ತುಟಿ ಬಿಚ್ಚಿತು. ಇನ್ನೊಂದು ಗಳಿಗೆ ತಡೆದರೆ ಆ ಮುದುಕಿ ನಾನೇ ಎಂದುಬಿಡುತ್ತಾಳೆ, ಮಾಲೀಕರು ಸಂಜೆಗೆ ಮನೆಗೆ ಹೋಗುತ್ತಾರೆ, ನಾಳೆ ಬೆಳಿಗ್ಗೆ ಕೀಲಿ ಯಾರ ಸೊಂಟದಲ್ಲಿರುತ್ತದೋ ಯಾರಿಗೆ ಗೊತ್ತು?

"ನಿಮ್ಮ ಮಗ ಹೇಳಿದ್ರು ಅತ್ತೆ," ಎಂದಳು ಸೊಸೆ.

ಯಾರಿಗೂ ಹೇಳಬೇಡ ಕಣೇ ಎಂದಿದ್ದ ಗಂಡ. ಒಬ್ಬರ ಗುಟ್ಟು ಕಾಯಲು ಇನ್ನೊಬ್ಬರ ಗುಟ್ಟನ್ನು, ಅದೂ ಇಷ್ಟು ಜನರ ಎದುರಿಗೆ, ಉಗಿದುಬಿಟ್ಟಿದ್ದಳು. ಅವಳಿಗೆ ತನ್ನ ಬಾಯಿಯೇ ಹೊಲಸಾಯಿತು ಎನ್ನಿಸಿತು.

ಅತ್ತೆ ಸಿಟ್ಟಾಗಲಿಲ್ಲ. ಸುಳ್ಳು ಎನ್ನಲಿಲ್ಲ. ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಮಾಲೀಕರಿದ್ದಾರೆ, ಹೆಂಗಸರಿದ್ದಾರೆ ಎಂಬುದನ್ನೆಲ್ಲ ಮರೆತು ಸೊಸೆಯ ಹತ್ತಿರ ಬಂದರು. ಅವಳ ಕೈ ಹಿಡಿದುಕೊಂಡರು. ಮನೆಯಲ್ಲಿ ಮಾತಾಡುವ ದನಿಯಲ್ಲಿ, ಎಲ್ಲರಿಗೂ ಕೇಳಿಸುವಂತೆ ಕೇಳಿದರು.

"ಯಾವ ಸಲದ್ದು ಹೇಳಿದ?"